ತಿಂದರೂ ಸೊರಗುವ ಬೆಕ್ಕು: ಥೈರಾಯ್ಡ್ ರೋಗ ಮತ್ತು ಒಂದೇ ಇಂಜೆಕ್ಷನ್ನಿನ ಅಯೋಡಿನ್ ಚಿಕಿತ್ಸೆ



ಈ ವಾರ ಬೆಳೆ ಬಿಟ್ಟು ಬೆಕ್ಕಿನ ವಿಷಯ. ನಗಬೇಡಿ. ಬಿತ್ತನೆ ರಾಗಿ, ಭತ್ತ, ಕೊಬ್ಬರಿ ಇಟ್ಟ ಮನೆಯಲ್ಲಿ ಬೆಕ್ಕು ಎಷ್ಟು ದುಡಿಯುತ್ತೆ ಅಂತ ಗೊತ್ತಾಗೋದು ಅದು ಇಲ್ಲದಾಗ. ನಮ್ಮದು ಸಾವಯವ ತೋಟ, ಇಲಿ ಪಾಷಾಣ ಇಡೋದಿಲ್ಲ. 13 ವರ್ಷ ನಮ್ಮ ಉಗ್ರಾಣ ಕಾದಿದ್ದು ಪುಟ್ಟಿ ಅನ್ನೋ ಬೆಕ್ಕು.

ಒಂದು ಮಳೆಗಾಲದಲ್ಲಿ ಪುಟ್ಟಿ ಸೊರಗೋಕೆ ಶುರುವಾಯ್ತು. ವಿಚಿತ್ರ ಏನಂದ್ರೆ ಊಟ ಮಾತ್ರ ಜಾಸ್ತಿ ಆಗಿತ್ತು. ಬೆಳಿಗ್ಗೆ ಹಾಕಿದ್ದು ಖಾಲಿ ಮಾಡಿ, ಅರ್ಧ ಗಂಟೆಗೆ ಮತ್ತೆ ಅಡುಗೆಮನೆ ಬಾಗಿಲಲ್ಲಿ ಕೂಗು. ರಾತ್ರಿಯೆಲ್ಲ ಓಡಾಟ. ಬೆನ್ನಮೂಳೆ ಕೈಗೆ ಸಿಗುತ್ತಿತ್ತು. ಅಮ್ಮ ಅಂದರು, "ವಯಸ್ಸಾಯ್ತು ಬಿಡು." ನಾನು ಎರಡು ಸಲ ಜಂತು ಔಷಧಿ ಹಾಕಿಸಿದೆ. ರಕ್ತ ಪರೀಕ್ಷೆ ಕೂಡ ಮಾಡಿಸಿದೆ. ವರದಿಯಲ್ಲಿ ಥೈರಾಯ್ಡ್ "ನಾರ್ಮಲ್" ಅಂತ ಬಂತು.

ದೀಪಾವಳಿಗೆ ದೊಡ್ಡಮ್ಮನ ಮಗಳು ನ್ಯೂಜೆರ್ಸಿಯಿಂದ ವಿಡಿಯೋ ಕಾಲ್ ಮಾಡಿದ್ದಳು. ಪುಟ್ಟಿಯನ್ನು ನೋಡಿದವಳೇ ಕೇಳಿದಳು: "ಇದಕ್ಕೆ ಥೈರಾಯ್ಡ್ ಇರಬೇಕು ಕಣೋ. ನಮ್ಮ ಬೆಕ್ಕೂ ಹೀಗೇ ಆಗಿತ್ತು. ಒಂದು ಇಂಜೆಕ್ಷನ್ ಕೊಟ್ಟು ವಾಸಿ ಮಾಡಿದ್ರು. ಆದ್ರೆ ನಾಲ್ಕು ದಿನ ನಮ್ಮನ್ನ ಹತ್ತಿರಕ್ಕೂ ಬಿಡಲಿಲ್ಲ, ವಿಕಿರಣ ಇರುತ್ತಂತೆ."

ಬೆಕ್ಕಿಗೆ ವಿಕಿರಣ? ನಾನು ಓದಿದ್ದು ತೋಟಗಾರಿಕೆ, ಪಶುವೈದ್ಯ ಅಲ್ಲ. ಆದರೆ ಅವತ್ತಿನಿಂದ ಈ ವಿಷಯ ಬೆನ್ನು ಹತ್ತಿ ಓದಿದೆ, ವೈದ್ಯರ ಹತ್ತಿರ ಕೇಳಿದೆ. ತಿಳಿದದ್ದನ್ನು ಪಾಠದ ಥರ ಹೇಳ್ತೀನಿ. ನಿಮ್ಮ ಮನೆಯಲ್ಲೂ ಹತ್ತು ವರ್ಷ ದಾಟಿದ ಬೆಕ್ಕಿದ್ದರೆ ಕೊನೆವರೆಗೂ ಓದಿ.

ಇದು ವಯಸ್ಸಲ್ಲ, ರೋಗ

ಕುತ್ತಿಗೆಯಲ್ಲಿ ಶ್ವಾಸನಾಳದ ಎರಡೂ ಪಕ್ಕ ಒಂದೊಂದು ಚಿಕ್ಕ ಹೋಳು ಇರುತ್ತೆ. ಅದೇ ಥೈರಾಯ್ಡ್ ಗ್ರಂಥಿ. ಮೈ ಎಷ್ಟು ವೇಗದಲ್ಲಿ ಆಹಾರ ಸುಡಬೇಕು, ಹೃದಯ ಎಷ್ಟು ಜೋರಾಗಿ ಬಡಿಯಬೇಕು ಅನ್ನೋದನ್ನ ಅದರ ಹಾರ್ಮೋನ್ ತೀರ್ಮಾನಿಸುತ್ತೆ. ವಯಸ್ಸಾದ ಬೆಕ್ಕುಗಳಲ್ಲಿ ಈ ಗ್ರಂಥಿಯಲ್ಲಿ ಗಂಟು ಬೆಳೆದು ಹಾರ್ಮೋನ್ ಮಿತಿ ಮೀರಿ ಸುರಿಯುತ್ತೆ. ನೂರರಲ್ಲಿ ಸುಮಾರು 97-98 ಬೆಕ್ಕುಗಳಲ್ಲಿ ಈ ಗಂಟು ಕ್ಯಾನ್ಸರ್ ಅಲ್ಲ, ಸಾದಾ ಗಂಟು. ಆದರೆ ಸುಮ್ಮನೆ ಬಿಟ್ಟರೆ ಹೃದಯವನ್ನೂ ರಕ್ತದೊತ್ತಡವನ್ನೂ ಕೆಡಿಸಿ ಕೊಲ್ಲುತ್ತೆ.

ಬೆಕ್ಕುಗಳ ಈ ರೋಗವನ್ನು ವೈದ್ಯಲೋಕ ಮೊದಲು ವಿವರಿಸಿದ್ದು 1979ರಲ್ಲಿ, ನ್ಯೂಯಾರ್ಕಿನಲ್ಲಿ. ಮಾರ್ಕ್ ಪೀಟರ್ಸನ್ ಮತ್ತು ಅವರ ಸಹೋದ್ಯೋಗಿಗಳು ವರದಿ ಮಾಡಿದರು. ಇವತ್ತು ಅಮೆರಿಕ, ಬ್ರಿಟನ್‌ಗಳಲ್ಲಿ ಮುದಿ ಬೆಕ್ಕುಗಳ ಅತಿ ಸಾಮಾನ್ಯ ಹಾರ್ಮೋನ್ ಕಾಯಿಲೆ ಇದೇ. ಡಬ್ಬಿ ಆಹಾರ, ಆಹಾರದಲ್ಲಿನ ಅಯೋಡಿನ್ ಏರುಪೇರು, ಸೋಯಾ, ಸೋಫಾ-ಹಾಸಿಗೆಗಳಿಗೆ ಬೆಂಕಿ ಹತ್ತದಂತೆ ಬಳಸುವ ರಾಸಾಯನಿಕ, ಹೀಗೆ ಹಲವು ಕಾರಣಗಳ ಮೇಲೆ ಅನುಮಾನ ಇದೆ. ಇದೇ ಕಾರಣ ಅಂತ ಯಾವುದೂ ಒಂದೇ ಸಾಬೀತಾಗಿಲ್ಲ.

ಈ ಲಕ್ಷಣ ಕಂಡರೆ ಎಚ್ಚರ:

- ಚೆನ್ನಾಗಿ ತಿಂದೂ ತೂಕ ಇಳಿಯೋದು
- ಚಡಪಡಿಕೆ, ರಾತ್ರಿ ಕೂಗಾಟ, ಕಾರಣವಿಲ್ಲದ ಸಿಟ್ಟು
- ನೀರು ಜಾಸ್ತಿ ಕುಡಿಯೋದು, ಮೂತ್ರ ಜಾಸ್ತಿ
- ಆಗಾಗ ವಾಂತಿ, ಭೇದಿ
- ಕೂದಲು ಒರಟಾಗಿ ಗಂಟು ಕಟ್ಟೋದು
- ಎದೆಗೆ ಕೈಯಿಟ್ಟರೆ ವಿಪರೀತ ವೇಗದ ಬಡಿತ
- ಇದ್ದಕ್ಕಿದ್ದಂತೆ ಕಣ್ಣು ಕಾಣದಂತಾಗೋದು (ರಕ್ತದೊತ್ತಡ ಏರಿದಾಗ ಹೀಗಾಗಬಹುದು)

ಹೀಗೆ ತಿಂದೂ ಸೊರಗೋದು ಸಕ್ಕರೆ ಕಾಯಿಲೆಯಲ್ಲೂ ಉಂಟು, ಕರುಳಿನ ಕಾಯಿಲೆಯಲ್ಲೂ ಉಂಟು. ಹಾಗಾಗಿ ಪರೀಕ್ಷೆ ಬೇಕೇ ಬೇಕು.

ನಾನು ಮಾಡಿದ ತಪ್ಪು: ವರದಿಯ "ನಾರ್ಮಲ್" ನಂಬಿದ್ದು

ಇದನ್ನು ದಪ್ಪಕ್ಷರದಲ್ಲಿ ಬರೆದಿಟ್ಟುಕೊಳ್ಳಿ. ಈ ರೋಗ ಹಿಡಿಯುವ ಮುಖ್ಯ ಪರೀಕ್ಷೆ ರಕ್ತದಲ್ಲಿ ಟಿ4 ಅನ್ನೋ ಹಾರ್ಮೋನಿನ ಅಳತೆ. ಟಿ4 ಮನುಷ್ಯರಲ್ಲೂ ಬೆಕ್ಕಿನಲ್ಲೂ ಒಂದೇ ವಸ್ತು, ಆದರೆ ಸಹಜ ಮಿತಿ ಬೇರೆ ಬೇರೆ. ದೊಡ್ಡವರಿಗೆ ಒಟ್ಟು ಟಿ4 ಸುಮಾರು 5ರಿಂದ 12 ಮೈಕ್ರೋಗ್ರಾಂ (ಪ್ರತಿ ಡೆಸಿಲೀಟರಿಗೆ) ಇದ್ದರೆ ಸಹಜ. ಬೆಕ್ಕಿಗೆ ಸುಮಾರು 1ರಿಂದ 4. ಲ್ಯಾಬಿನಿಂದ ಲ್ಯಾಬಿಗೆ ಸ್ವಲ್ಪ ವ್ಯತ್ಯಾಸ ಇರುತ್ತೆ.

ಪುಟ್ಟಿಯ ರಕ್ತ ಹೋಗಿದ್ದು ಪೇಟೆಯ ಒಂದು ಮನುಷ್ಯರ ಲ್ಯಾಬಿಗೆ. ಬಂದ ಅಂಕಿ 9.2. ಪಕ್ಕದಲ್ಲಿ ಅಚ್ಚಾಗಿದ್ದ ಮಿತಿ 5-12. ಅದಕ್ಕೇ "ನಾರ್ಮಲ್". ಅಕ್ಕನ ಮಾತು ಕೇಳಿ ಅದೇ ಹಾಳೆಯನ್ನು ಬೆಂಗಳೂರಿನ ಪಶುವೈದ್ಯರೊಬ್ಬರಿಗೆ ವಾಟ್ಸ್ಯಾಪ್ ಮಾಡಿದೆ. ಐದು ನಿಮಿಷದಲ್ಲಿ ಉತ್ತರ ಬಂತು: "ಬೆಕ್ಕಿಗೆ ಇದು ಎರಡು ಪಟ್ಟಿಗೂ ಮೇಲೆ. ನಾಳೆಯೇ ಕರೆದುಕೊಂಡು ಬನ್ನಿ." ಅಂಕಿ ಮೊದಲಿಂದಲೂ ಸರಿಯಾಗೇ ಇತ್ತು. ಹೋಲಿಸಿದ ಅಳತೆಗೋಲು ಬೇರೆ ಪ್ರಾಣಿಯದು. ಹಾಗೆ ನಮ್ಮ ಕೈಬಿಟ್ಟಿದ್ದು ಮೂರು ತಿಂಗಳು. ಅಷ್ಟರಲ್ಲಿ 3.8 ಕಿಲೋ ಇದ್ದ ಬೆಕ್ಕು 2.7ಕ್ಕೆ ಇಳಿದಿತ್ತು.

ಅಡಿಕೆ ತೋಟದ ಮಣ್ಣು ಪರೀಕ್ಷೆ ವರದಿಯನ್ನು ಭತ್ತದ ಶಿಫಾರಸಿನ ಪಟ್ಟಿಗೆ ಹೋಲಿಸಿ ಗೊಬ್ಬರ ಹಾಕಿದರೆ ಏನಾಗುತ್ತೋ ಇದೂ ಹಾಗೇ.

ಮಾತು ಕೇಳದ ಮೋಟಾರ್

ಚಿಕಿತ್ಸೆ ಅರ್ಥ ಆಗಬೇಕಾದರೆ ಮೊದಲು ರೋಗದ ಒಳಗುಟ್ಟು ತಿಳಿಯಬೇಕು.

ನಿಮ್ಮ ತೋಟದ ಟ್ಯಾಂಕ್ ನೆನಪಿಸಿಕೊಳ್ಳಿ. ನೀರು ತುಂಬಿದಾಗ ಮೋಟಾರ್ ತಾನಾಗಿ ನಿಲ್ಲುತ್ತೆ, ಇಳಿದಾಗ ಓಡುತ್ತೆ. ಮೈಯಲ್ಲೂ ಹಾಗೇ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ರಕ್ತದಲ್ಲಿನ ಥೈರಾಯ್ಡ್ ಹಾರ್ಮೋನ್ ನೋಡುತ್ತಾ ಇರುತ್ತೆ. ಕಡಿಮೆಯಾದರೆ ಥೈರಾಯ್ಡಿಗೆ "ದುಡಿ" ಅಂತ ಸಂದೇಶ, ಹೆಚ್ಚಾದರೆ ಸಂದೇಶ ಬಂದ್.

ಗಂಟಿನ ಜೀವಕೋಶಗಳು ಹೇಗಂದ್ರೆ, ಸ್ಟಾರ್ಟರ್ ಆಫ್ ಮಾಡಿದರೂ ನಿಲ್ಲದ ಮೋಟಾರ್. ಸಂದೇಶ ಬಂದರೂ ಸರಿ, ಬಾರದಿದ್ದರೂ ಸರಿ, ಹಾರ್ಮೋನ್ ಸುರೀತಾನೇ ಇರುತ್ತವೆ. ಟ್ಯಾಂಕ್ ತುಂಬಿ ಹರಿಯುತ್ತಿರೋದರಿಂದ ಪಿಟ್ಯುಟರಿ ಸಂದೇಶ ನಿಲ್ಲಿಸುತ್ತೆ. ಪಕ್ಕದ ಆರೋಗ್ಯವಂತ ಥೈರಾಯ್ಡ್ ಜೀವಕೋಶಗಳು ಕೆಲಸವಿಲ್ಲದೆ ಮಲಗುತ್ತವೆ.

ಇನ್ನೊಂದು ಅಂಶ. ಥೈರಾಯ್ಡ್ ಹಾರ್ಮೋನ್ ತಯಾರಾಗೋದು ಅಯೋಡಿನ್‌ನಿಂದ. ಒಂದು ಟಿ4 ಕಣಕ್ಕೆ ನಾಲ್ಕು ಅಯೋಡಿನ್ ಪರಮಾಣು ಬೇಕು. ಹಾಗಾಗಿ ಹಗಲೂ ರಾತ್ರಿ ದುಡಿಯುವ ಗಂಟಿಗೆ ಅಯೋಡಿನ್ ಅಂದ್ರೆ ಬಕಾಸುರನ ಹಸಿವು. ಮಲಗಿದ ಜೀವಕೋಶಗಳಿಗೆ ಹಸಿವೇ ಇಲ್ಲ. ಈ ವ್ಯತ್ಯಾಸವೇ ಚಿಕಿತ್ಸೆಯ ಕೀಲಿ.

ವಿಕಿರಣಶೀಲ ಅಯೋಡಿನ್: ಆಸೆಯೇ ಬಲೆ

ಮಾವಿನ ತೋಟದಲ್ಲಿ ಹಣ್ಣುನೊಣಕ್ಕೆ ನಾವು ಮೋಹಕ ಬಲೆ ಕಟ್ತೀವಲ್ಲ? ತೋಟಕ್ಕೆಲ್ಲ ವಿಷ ಹೊಡೆಯೋದಿಲ್ಲ. ಗಂಡು ನೊಣಕ್ಕೆ ಇಷ್ಟವಾದ ಮೀಥೈಲ್ ಯೂಜಿನಾಲ್ ವಾಸನೆ ಇಟ್ಟರೆ ಅದೇ ಹುಡುಕಿಕೊಂಡು ಬಂದು ಬೀಳುತ್ತೆ. ಜೇನುನೊಣದ ತಂಟೆಗೆ ಹೋಗೋದಿಲ್ಲ. ಈ ಚಿಕಿತ್ಸೆಯ ತರ್ಕವೂ ಅದೇ.

ಅಯೋಡಿನ್-131 ಅನ್ನೋದು ಅಯೋಡಿನ್ನಿನ ವಿಕಿರಣಶೀಲ ರೂಪ. 1938ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಜಾನ್ ಲಿವಿಂಗುಡ್ ಮತ್ತು ಗ್ಲೆನ್ ಸೀಬೋರ್ಗ್ ಇದನ್ನು ಕಂಡುಹಿಡಿದರು. ಮನುಷ್ಯರ ಅತಿ ಥೈರಾಯ್ಡಿಗೆ ವಿಕಿರಣಶೀಲ ಅಯೋಡಿನ್ ಕೊಡೋದನ್ನು 1941ರಲ್ಲಿ ಬೋಸ್ಟನ್ನಿನಲ್ಲಿ ಡಾ. ಸಾಲ್ ಹರ್ಟ್ಜ್ ಶುರು ಮಾಡಿದರು. ಬೆಕ್ಕಿಗೆ ಬಂದದ್ದು ಆಮೇಲೆ.

ಬೆಕ್ಕಿಗೆ ಇದನ್ನು ಸಾಮಾನ್ಯವಾಗಿ ಒಂದೇ ಸಲ, ಚರ್ಮದಡಿ ಇಂಜೆಕ್ಷನ್ ಆಗಿ ಕೊಡುತ್ತಾರೆ. ಅರಿವಳಿಕೆ ಬೇಡ, ಕೊಯ್ಯೋದು ಬೇಡ. ಥೈರಾಯ್ಡಿಗೆ ಸಾದಾ ಅಯೋಡಿನ್ ಯಾವುದು, ವಿಕಿರಣಶೀಲ ಯಾವುದು ಅಂತ ಗೊತ್ತಾಗೋದಿಲ್ಲ. ಹಸಿದ ಗಂಟು ಎರಡನ್ನೂ ಎಳೆದುಕೊಳ್ಳುತ್ತೆ. ಒಳಗೆ ಹೋದ ಅಯೋಡಿನ್-131 ಬೀಟಾ ಕಣಗಳನ್ನು ಹೊರಸೂಸುತ್ತೆ. ಇವು ಮಾಂಸದಲ್ಲಿ ಹೆಚ್ಚೆಂದರೆ ಒಂದೆರಡು ಮಿಲಿಮೀಟರ್ ದೂರ ಹೋಗಬಲ್ಲವು. ಗಂಟು ಒಳಗಿನಿಂದಲೇ ಸುಟ್ಟು ಒಣಗುತ್ತೆ. ಅಂಟಿಕೊಂಡೇ ಇರುವ, ಕ್ಯಾಲ್ಸಿಯಂ ನೋಡಿಕೊಳ್ಳುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಸಾಮಾನ್ಯವಾಗಿ ಉಳಿದುಕೊಳ್ಳುತ್ತವೆ. ಗಂಟಿನ ಹಾರ್ಮೋನ್ ನಿಂತ ಮೇಲೆ ಪಿಟ್ಯುಟರಿ ಮತ್ತೆ ಸಂದೇಶ ಕಳಿಸುತ್ತೆ, ಮಲಗಿದ್ದ ಒಳ್ಳೆಯ ಜೀವಕೋಶಗಳು ಎದ್ದು ಕೆಲಸ ಹಿಡಿಯುತ್ತವೆ.

ಒಂದೇ ಇಂಜೆಕ್ಷನ್ನಿಗೆ ನೂರಕ್ಕೆ ಸುಮಾರು 95 ಬೆಕ್ಕುಗಳು ವಾಸಿಯಾಗುತ್ತವೆ.

ಇದೇ ಅಯೋಡಿನ್-131ಕ್ಕೆ ಇನ್ನೊಂದು ಮುಖವೂ ಇದೆ. 1986ರಲ್ಲಿ ಚೆರ್ನೋಬಿಲ್ ಅಣುಸ್ಥಾವರ ಸ್ಫೋಟವಾದಾಗ ಅದು ಹುಲ್ಲಿನ ಮೇಲೆ ಬಿತ್ತು. ಹುಲ್ಲಿನಿಂದ ಹಸು, ಹಸುವಿನ ಹಾಲಿನಿಂದ ಮಕ್ಕಳ ಥೈರಾಯ್ಡಿಗೆ ಹೋಯ್ತು. ಮುಂದೆ ಬೆಲಾರುಸ್, ಉಕ್ರೇನ್, ರಷ್ಯಾಗಳಲ್ಲಿ ಮಕ್ಕಳ ಥೈರಾಯ್ಡ್ ಕ್ಯಾನ್ಸರ್ ಹೆಚ್ಚಾಯ್ತು. ಎರಡೂ ಕಡೆ ಇರೋದು ಅಯೋಡಿನ್ನಿಗೆ ಗ್ರಂಥಿಯ ಅದೇ ಆಸೆ. ಅಲ್ಲಿ ಯಾರ ಲೆಕ್ಕವೂ ಇಲ್ಲದೆ ಮಕ್ಕಳ ಮೈಗೆ ಹೋಯ್ತು, ಇಲ್ಲಿ ಅಳೆದು ತೂಗಿ ಗಂಟಿಗೆ ಕೊಡ್ತಾರೆ. ಹಾಗಾಗಿ ಮುಂದೆ ಬರುವ ನಿಯಮಗಳನ್ನು ಅತಿ ಅಂತ ತಿಳಿಯಬೇಡಿ.

ಬೆಕ್ಕನ್ನು ಯಾಕೆ ಇಟ್ಟುಕೊಳ್ತಾರೆ?

ಇಂಜೆಕ್ಷನ್ ಆದ ಮೇಲೆ ಬೆಕ್ಕು ಆರಾಮಾಗೇ ಇರುತ್ತೆ. ಇಟ್ಟುಕೊಳ್ಳೋದು ಬೆಕ್ಕಿಗಾಗಿ ಅಲ್ಲ, ನಮಗಾಗಿ. ಅಯೋಡಿನ್-131 ಬೀಟಾ ಜೊತೆ ಗಾಮಾ ಕಿರಣವನ್ನೂ ಬಿಡುತ್ತೆ, ಅದು ಮೈ ದಾಟಿ ಹೊರಗೆ ಬರುತ್ತೆ. ಜೊತೆಗೆ ಗಂಟು ಹಿಡಿದಿಟ್ಟುಕೊಳ್ಳದ ಅಯೋಡಿನ್ ಮುಖ್ಯವಾಗಿ ಮೂತ್ರದಲ್ಲಿ, ಸ್ವಲ್ಪ ಮಲ ಮತ್ತು ಜೊಲ್ಲಿನಲ್ಲಿ ಹೋಗುತ್ತೆ. ಅಮೆರಿಕದಲ್ಲಿ ಸಾಮಾನ್ಯವಾಗಿ ಕೆಲವು ದಿನದಿಂದ ಒಂದು ವಾರ, ಬ್ರಿಟನ್ನಿನಲ್ಲಿ ಎರಡು ವಾರ ಅಥವಾ ಇನ್ನೂ ಹೆಚ್ಚು ಇಟ್ಟುಕೊಳ್ತಾರೆ. ಮನೆಯವರಿಗೆ ಪ್ರವೇಶವಿಲ್ಲ. ಮೀಟರಿನಲ್ಲಿ ವಿಕಿರಣ ಅಳೆದು, ಮಿತಿಗಿಂತ ಕೆಳಗೆ ಬಂದ ಮೇಲೆಯೇ ಬಿಡೋದು.

ಅಯೋಡಿನ್-131ರ ಅರ್ಧಾಯು 8 ದಿನ. ಲೆಕ್ಕ ಸುಲಭ:

- 8 ದಿನಕ್ಕೆ ಅರ್ಧ
- 16 ದಿನಕ್ಕೆ ಕಾಲು
- 24 ದಿನಕ್ಕೆ ಎಂಟನೇ ಒಂದು ಭಾಗ
- 80 ದಿನಕ್ಕೆ ಸಾವಿರದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ

ಬೆಕ್ಕಿನ ಮೈಯಲ್ಲಿ ಇನ್ನೂ ಬೇಗ ಇಳಿಯುತ್ತೆ, ಮೂತ್ರದಲ್ಲೂ ಹೋಗುತ್ತಲ್ಲ. ಔಷಧಿ ಹೊಡೆದ ಮೇಲೆ ಕೊಯ್ಲಿಗೆ ಇಷ್ಟು ದಿನ ಕಾಯಬೇಕು ಅಂತ ಡಬ್ಬಿ ಮೇಲೆ ಬರೆದಿರುತ್ತಲ್ಲ, ಇದೂ ಅದೇ ಥರದ ಕಾಯುವ ಅವಧಿ.

ಅಕ್ಕನ ಮನೆಗೆ ಬೆಕ್ಕು ಬಂದ ಮೇಲೂ ಸುಮಾರು ಎರಡು ವಾರ ನಿಯಮ ಇತ್ತು. ಮಡಿಲಲ್ಲಿ ಕೂರಿಸಿಕೊಳ್ಳಬಾರದು, ಜೊತೆಗೆ ಮಲಗಿಸಿಕೊಳ್ಳಬಾರದು. ಚಿಕ್ಕ ಮಕ್ಕಳು, ಬಸುರಿಯರು ದೂರ. ಬೆಕ್ಕು ಮನೆ ಬಿಟ್ಟು ಹೊರಗೆ ಹೋಗಬಾರದು. ಅದರ ಮಲಮೂತ್ರದ ಮರಳನ್ನು ಕೈಗವಸು ಹಾಕಿಯೇ ತೆಗೆಯಬೇಕು, ಅವರು ಹೇಳಿದಷ್ಟು ದಿನ ಬೇರೆಯಾಗಿ ಮುಚ್ಚಿಡಬೇಕು. ಅಮೆರಿಕದ ಕಸ ವಿಲೇವಾರಿ ಜಾಗಗಳಲ್ಲಿ ವಿಕಿರಣ ಪತ್ತೆ ಯಂತ್ರ ಇರುತ್ತೆ. ಇಂಥ ಬೆಕ್ಕಿನ ಕಸ ಬಂದರೆ ಅದು ಕೂಗಿಕೊಳ್ಳುತ್ತೆ.

ಇದನ್ನೆಲ್ಲ ಕೇಳುವಾಗ ನನಗೆ ಕಂಡದ್ದು ನಮ್ಮ ಪುಟ್ಟಿ. ಅಟ್ಟ, ಕೊಟ್ಟಿಗೆ, ಪಕ್ಕದ ಮನೆ ಹಿತ್ತಲು, ಗೊಬ್ಬರದ ಗುಂಡಿ, ಎಲ್ಲ ಅದರದ್ದೇ. ಎರಡು ವಾರ ಒಂದು ಕೋಣೆಯಲ್ಲಿ? ಚಿಕಿತ್ಸೆ ಎಷ್ಟೇ ಒಳ್ಳೆಯದಿರಲಿ, ಅದಕ್ಕೆ ತಕ್ಕ ಮನೆಯೂ ವ್ಯವಸ್ಥೆಯೂ ಬೇಕು. ಖರ್ಚೂ ಇದೆ. ಅಮೆರಿಕದಲ್ಲಿ ಸಾಮಾನ್ಯವಾಗಿ ಸಾವಿರ ಡಾಲರ್ ದಾಟುತ್ತೆ.

ಉಳಿದ ಮೂರು ದಾರಿ

1. ಮಾತ್ರೆ. ಮೆಥಿಮಜೋಲ್, ಅಥವಾ ಮೈಯೊಳಗೆ ಹೋಗಿ ಮೆಥಿಮಜೋಲ್ ಆಗುವ ಕಾರ್ಬಿಮಜೋಲ್. ಹಾರ್ಮೋನ್ ತಯಾರಿಕೆಯನ್ನು ತಡೆಯುತ್ತೆ, ಆದರೆ ಗಂಟನ್ನು ಕೊಲ್ಲೋದಿಲ್ಲ. ಹಾಗಾಗಿ ಜೀವನಪೂರ್ತಿ ಕೊಡಬೇಕು. ಕೆಲವು ಬೆಕ್ಕಿಗೆ ವಾಂತಿ, ಮುಖ ಕೆರೆದುಕೊಳ್ಳೋದು, ಅಪರೂಪಕ್ಕೆ ರಕ್ತಕಣ ಅಥವಾ ಯಕೃತ್ತಿನ ತೊಂದರೆ ಆಗಬಹುದು. ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲಿ.
2. ಆಪರೇಷನ್. ಗಂಟು ಇರುವ ಹೋಳನ್ನು ತೆಗೆಯೋದು. ಮುದಿ ಬೆಕ್ಕಿಗೆ ಅರಿವಳಿಕೆಯ ಅಪಾಯ ಇದೆ. ಪ್ಯಾರಾಥೈರಾಯ್ಡಿಗೆ ಪೆಟ್ಟಾದರೆ ಕ್ಯಾಲ್ಸಿಯಂ ಕುಸಿಯುತ್ತೆ. ಹೆಚ್ಚಿನ ಬೆಕ್ಕುಗಳಲ್ಲಿ ಎರಡೂ ಪಕ್ಕ ರೋಗ ಇರೋದರಿಂದ ಒಂದು ಪಕ್ಕ ತೆಗೆದರೆ ಸಾಲೋದಿಲ್ಲ.
3. ಅಯೋಡಿನ್ ಕಡಿಮೆ ಇರುವ ವಿಶೇಷ ಆಹಾರ. ಅದನ್ನು ಬಿಟ್ಟು ಬೇರೇನೂ ತಿನ್ನಬಾರದು. ಇಲಿ ಹಿಡಿಯುವ, ಹಾಲು ಕುಡಿಯುವ ತೋಟದ ಬೆಕ್ಕಿಗೆ ಇದು ಆಗದ ಮಾತು.

ಮೂತ್ರಪಿಂಡದ ಗುಟ್ಟು

ಯಾವ ದಾರಿ ಹಿಡಿದರೂ ಇದು ತಿಳಿದಿರಲೇಬೇಕು. ಅತಿ ಥೈರಾಯ್ಡ್ ಇರುವಾಗ ಮೂತ್ರಪಿಂಡಕ್ಕೆ ರಕ್ತ ಜೋರಾಗಿ ಹರಿಯುತ್ತೆ. ದುರ್ಬಲ ಮೂತ್ರಪಿಂಡವೂ ಆ ಒತ್ತಡದಲ್ಲಿ ಹೇಗೋ ಕೆಲಸ ಮಾಡುತ್ತೆ. ಮಾಂಸ ಕರಗಿರೋದರಿಂದ ರಕ್ತದಲ್ಲಿ ಕ್ರಿಯಾಟಿನಿನ್ ಅಂಕಿಯೂ ಕಡಿಮೆ ತೋರಿಸುತ್ತೆ. ಥೈರಾಯ್ಡ್ ಸರಿಯಾದ ಕೂಡಲೇ ಆ ಮುಸುಕು ಸರಿದು ಮೂತ್ರಪಿಂಡದ ಕಾಯಿಲೆ ಹೊರಬೀಳುತ್ತೆ. ಚಿಕಿತ್ಸೆ ಹೊಸ ರೋಗ ತಂದಿತು ಅಂತ ಮನೆಯವರು ಬೈಯ್ಯೋದುಂಟು. ರೋಗ ಮೊದಲೇ ಇತ್ತು, ಕಾಣುತ್ತಿರಲಿಲ್ಲ.

ವಿಕಿರಣ ಚಿಕಿತ್ಸೆಯನ್ನು ಹಿಂದಕ್ಕೆ ತೆಗೆದುಕೊಳ್ಳೋಕೆ ಆಗೋದಿಲ್ಲ. ಮಾತ್ರೆಯನ್ನು ಕಡಿಮೆ ಮಾಡಬಹುದು, ನಿಲ್ಲಿಸಬಹುದು. ಅದಕ್ಕೇ ಅನುಮಾನ ಇರುವ ಬೆಕ್ಕುಗಳಿಗೆ ಮೊದಲು ಕೆಲವು ವಾರ ಮಾತ್ರೆ ಕೊಟ್ಟು, ಮೂತ್ರಪಿಂಡ ತಡೆಯುತ್ತದೆಯೇ ಅಂತ ನೋಡುವ ಕ್ರಮ ಇದೆ. ಇಂಜೆಕ್ಷನ್ ಆದ ಮೇಲೂ ತಿಂಗಳುಗಟ್ಟಲೆ ಆಗಾಗ ಟಿ4 ಮತ್ತು ಮೂತ್ರಪಿಂಡದ ಪರೀಕ್ಷೆ ಬೇಕು. ಕೆಲವು ಬೆಕ್ಕಿಗೆ ಥೈರಾಯ್ಡ್ ಅಗತ್ಯಕ್ಕಿಂತ ಕಡಿಮೆಯಾಗಿ, ಹಾರ್ಮೋನನ್ನೇ ಮಾತ್ರೆಯಾಗಿ ಕೊಡಬೇಕಾಗುತ್ತೆ.

ನಾವು ಏನು ಮಾಡಬಹುದು?

ಕರ್ನಾಟಕದಲ್ಲಿ ಮನುಷ್ಯರಿಗೆ ಅಯೋಡಿನ್-131 ಚಿಕಿತ್ಸೆ ಬೆಂಗಳೂರಿನ ದೊಡ್ಡ ಆಸ್ಪತ್ರೆಗಳ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗಗಳಲ್ಲಿ ಇದೆ, ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮದ ಪ್ರಕಾರ. ಅಲ್ಲಿಗೆ ಬೆಕ್ಕು ಒಯ್ಯೋಕೆ ಆಗೋದಿಲ್ಲ. ನಮ್ಮ ಹಳ್ಳಿ ಬೆಕ್ಕಿಗೆ ಕೈಗೆ ಸಿಗುವ ದಾರಿ ಮಾತ್ರೆಯೇ. ಅದನ್ನಾದರೂ ಸರಿಯಾಗಿ, ಬೇಗ ಮಾಡೋಣ:

- ತಿಂಗಳಿಗೊಮ್ಮೆ ತೂಕ. ತರಕಾರಿ ತೂಗುವ ಕೊಕ್ಕೆಯ ಡಿಜಿಟಲ್ ತಕ್ಕಡಿಗೆ ಚೀಲ ಕಟ್ಟಿ ಬೆಕ್ಕನ್ನು ಕೂರಿಸಿ. ಅಂಕಿಯನ್ನು ಫೋನಿನಲ್ಲಿ ಬರೆದಿಡಿ. 4 ಕಿಲೋ ಬೆಕ್ಕು 400 ಗ್ರಾಂ ಇಳಿದರೆ 60 ಕಿಲೋ ಮನುಷ್ಯ 6 ಕಿಲೋ ಇಳಿದಂತೆ.
- ವಿಡಿಯೋ ಮಾಡಿ. ರಾತ್ರಿ ಓಡಾಟ, ಊಟದ ರೀತಿ, ನಿದ್ದೆಯಲ್ಲಿ ಉಸಿರಾಟ. ಮಲಗಿದ್ದಾಗ ನಿಮಿಷಕ್ಕೆ 30ಕ್ಕಿಂತ ಹೆಚ್ಚು ಉಸಿರಿದ್ದರೆ ತಡಮಾಡಬೇಡಿ.
- ಟಿ4 ಜೊತೆ ಮೂತ್ರಪಿಂಡ, ಸಕ್ಕರೆ, ಯಕೃತ್ತಿನ ಪರೀಕ್ಷೆ ಮಾಡಿಸಿ. ರಕ್ತ ಎಲ್ಲಿಗೆ ಹೋದರೂ ವರದಿಯನ್ನು ಬೆಕ್ಕಿನ ಮಿತಿಗೆ ಹೋಲಿಸಿ ಓದಿ ಅಂತ ಪಶುವೈದ್ಯರನ್ನೇ ಕೇಳಿ. ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ, ಹತ್ತಿರದ್ದಕ್ಕೆ ಹೋಗಬಹುದು.
- ಮನೆಯ ಥೈರಾಯ್ಡ್ ಮಾತ್ರೆ ಕೊಡಲೇಬೇಡಿ. ಅಮ್ಮಂದಿರು ಬೆಳಿಗ್ಗೆ ಖಾಲಿ ಹೊಟ್ಟೆಗೆ ತಗೊಳ್ಳೋದು ಹೆಚ್ಚಾಗಿ ಥೈರಾಕ್ಸಿನ್, ಹಾರ್ಮೋನ್ ಕಡಿಮೆ ಇರುವವರಿಗೆ. ಅದನ್ನು ಈ ಬೆಕ್ಕಿಗೆ ಕೊಟ್ಟರೆ ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ.
- ಡೋಸ್ ವೈದ್ಯರೇ ಹೇಳಲಿ. ಇಲ್ಲಿ ಬೇಕಂತಲೇ ಬರೆದಿಲ್ಲ. ಮಾತ್ರೆ ಮುಟ್ಟಿದ ಮೇಲೆ ಕೈ ತೊಳೆಯಿರಿ. ಬಸುರಿಯರು ಆ ಮಾತ್ರೆಯನ್ನು ಬರಿಗೈಯಲ್ಲಿ ಮುಟ್ಟಬಾರದು.

ಪುಟ್ಟಿಗೆ ಮಾತ್ರೆ ಶುರುವಾಗಿ ತಿಂಗಳಲ್ಲಿ ರಾತ್ರಿ ಕೂಗು ನಿಂತಿತು, ತೂಕ 3.2ಕ್ಕೆ ಬಂತು. ಜೊತೆಗೇ ಕ್ರಿಯಾಟಿನಿನ್ ಏರಿತು. ಮುಸುಕು ಸರಿದಿತ್ತು. ವೈದ್ಯರು ಮಾತ್ರೆ ಇಳಿಸಿ, ಎರಡರ ನಡುವೆ ಒಂದು ಹದ ಹುಡುಕಿದರು. "ನಿಮ್ಮ ಹತ್ತಿರ ಆ ಇಂಜೆಕ್ಷನ್ ಇದ್ದಿದ್ದರೂ ನಾನು ಯೋಚನೆ ಮಾಡ್ತಿದ್ದೆ" ಅಂದರು. ಆ ಮಾತು ಕೇಳಿದ ಮೇಲೆ ಅಮೆರಿಕದಲ್ಲಿದ್ದಿದ್ದರೆ ಅನ್ನೋ ನನ್ನ ಕೊರಗು ಅರ್ಧ ಕಮ್ಮಿಯಾಯ್ತು. ಉಳಿದರ್ಧ ಆ ಮೂರು ತಿಂಗಳದ್ದು. ಅದು ದೇಶದ ತಪ್ಪಲ್ಲ, ವರದಿ ಓದಿದ ನನ್ನದು.

ಆಮೇಲೆ 14 ತಿಂಗಳು ಬದುಕಿತು. ಇಲಿ ಹಿಡಿಯೋದು ಬಿಟ್ಟಿತ್ತು, ಆದರೆ ರಾಗಿ ಚೀಲದ ಮೇಲೆ ಮಲಗೋದು ಬಿಟ್ಟಿರಲಿಲ್ಲ. ಈಗ ಅಲ್ಲಿ ಅದರ ಮೊಮ್ಮಗಳು ಮಲಗ್ತಾಳೆ. ಅವಳ ತೂಕ ಪ್ರತಿ ತಿಂಗಳ ಒಂದನೇ ತಾರೀಖು ನನ್ನ ಫೋನಿನಲ್ಲಿ ಬರೆದಾಗುತ್ತೆ. ನಿಮ್ಮ ಬೆಕ್ಕಿನದ್ದೂ ಇವತ್ತೇ ಶುರು ಮಾಡಿ.

ಮುಂದಿನ ವಾರ ಉಗ್ರಾಣದಲ್ಲಿ ಬಿತ್ತನೆ ಬೀಜಕ್ಕೆ ಹುಳು ಬೀಳದಂತೆ ಕಾಪಾಡೋದು ಹೇಗೆ ಅಂತ ನೋಡೋಣ.